ನಿದ್ದೆಯ ಮೇಲೆ ಮೀಟರ್ ಬಡ್ಡಿ

ನಶೆಗೆ ಕನ್ನಡದಲ್ಲಿರುವ ಮಾತುಗಳನ್ನು ಒಮ್ಮೆ ಸಾಲಾಗಿ ಹೇಳಿಕೊಂಡು ನೋಡಿ: ಅಮಲು, ಮತ್ತು, ಮಂಪರು, ಜೊಂಪು. ಎಲ್ಲವೂ ಕಣ್ಣು ಮುಚ್ಚುವ ಕಡೆಗೇ ವಾಲುತ್ತವೆ. ನಮ್ಮ ಹಿರಿಯರು ಕಂಡದ್ದು ಹೆಂಡ, ಗಾಂಜಾ, ಅಫೀಮು. ಕುಡಿದವನು ತೂರಾಡುತ್ತಾನೆ, ಸೇದಿದವನು ಮೂಲೆ ಹಿಡಿಯುತ್ತಾನೆ, ಅಫೀಮು ತಿಂದವನು ತೂಕಡಿಸುತ್ತಾನೆ. ಆದರೆ ಮೂರು ರಾತ್ರಿ ರೆಪ್ಪೆ ಮುಚ್ಚದೆ, ಊಟ ಬೇಡವೆನ್ನುತ್ತ, ಮನೆಯ ಮಿಕ್ಸಿ ಬಿಚ್ಚಿ ಸ್ಕ್ರೂಗಳನ್ನು ಸಾಲಾಗಿ ಜೋಡಿಸುತ್ತ ಕೂತ ಹುಡುಗನನ್ನು ಏನೆಂದು ಕರೆಯುವುದು? ಅವನಿಗೆ ಮತ್ತೂ ಇಲ್ಲ, ಮಂಪರೂ ಇಲ್ಲ. ಇರುವುದು ಅತಿಯಾದ ಎಚ್ಚರ.

ಜಪಾನೀಯರ ಬಳಿ ಇದಕ್ಕೆ ನೇರವಾದ ಪದವಿದೆ: ‘ಕಾಕುಸೇಝಾಯ್’, ಎಂದರೆ ಎಚ್ಚರಗೊಳಿಸುವ ಮದ್ದು. ನಾವು ಎಲ್ಲವನ್ನೂ ಒಟ್ಟು ಸೇರಿಸಿ ‘ಮಾದಕ ವಸ್ತು’ ಎನ್ನುತ್ತೇವೆ. ಯೋಚಿಸಿದರೆ ಆ ಪದವೂ ಪೂರ್ತಿ ತಪ್ಪಲ್ಲ. ಅದರೊಳಗಿರುವುದು ‘ಮದ’. ಮದವೇರಿದ ಆನೆ ಮಲಗುವುದು ಕಡಿಮೆ, ಮೇಯುವುದೂ ಕಡಿಮೆ, ಮಾವುತನನ್ನೂ ನಂಬುವುದಿಲ್ಲ. ಕೃತಕ ಉತ್ತೇಜಕಗಳನ್ನು ಸೇವಿಸಿದವರ ಸ್ಥಿತಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ಸಿಕ್ಕಿಲ್ಲ.

ಪತ್ರಿಕೆಗಳು ‘ಸಿಂಥೆಟಿಕ್ ಡ್ರಗ್ಸ್’ ಎಂದು ಬರೆಯುವಾಗ ಹೆಚ್ಚಾಗಿ ಸೂಚಿಸುವುದು ಈ ಮನೆತನವನ್ನೇ. ಆಂಫೆಟಮಿನ್ ಹಿರಿಯಣ್ಣ. ಮೆಥಾಂಫೆಟಮಿನ್ ಅವನಿಗಿಂತ ಬಿರುಸಿನ ತಮ್ಮ. ಐಸ್, ಕ್ರಿಸ್ಟಲ್, ಮೆಥ್ ಎಂಬವೆಲ್ಲ ಇದರ ಹೆಸರುಗಳೇ. ಎಂಡಿಎಂಎ ಇದೇ ಕುಲದ್ದಾದರೂ ಸ್ವಭಾವ ಬೇರೆ. ಮೆಫೆಡ್ರೋನ್ ದಾಯಾದಿ, ಅರಬ್ ಮತ್ತು ಆಫ್ರಿಕದ ಜನ ಜಗಿಯುವ ಖಾತ್ ಎಲೆಯ ಸಾರವನ್ನು ಅನುಕರಿಸಿ ಮಾಡಿದ್ದು. ಮುಂಬೈಯಲ್ಲಿ ‘ಎಂಡಿ’ ಎಂದರೆ ಮೆಫೆಡ್ರೋನ್. ಬೆಂಗಳೂರಿನಲ್ಲಿ ಅದನ್ನು ಕೇಳಿದವರು ಎಂಡಿಎಂಎ ಎಂದುಕೊಳ್ಳುವುದೇ ಹೆಚ್ಚು. ಕೊಳ್ಳುವವನಿಗೆ ತಾನು ಕೊಂಡದ್ದು ಯಾವುದೆಂದು ತಿಳಿಯದಿರುವುದೇ ಈ ವ್ಯಾಪಾರದ ಮೊದಲ ಅಪಾಯ.

ಇವುಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಪಾರ್ಟಿ, ಪಬ್, ಸಿನಿಮಾ ಮಂದಿ, ಶ್ರೀಮಂತರ ಮಕ್ಕಳು ಎಂಬಷ್ಟರಲ್ಲೇ ಸುತ್ತುತ್ತದೆ. 2020ರ ಸೆಪ್ಟೆಂಬರಿನಲ್ಲಿ ಕನ್ನಡ ಚಿತ್ರರಂಗದ ಡ್ರಗ್ಸ್ ಪ್ರಕರಣ ಎದ್ದಾಗ ಕನ್ನಡದ ಸುದ್ದಿವಾಹಿನಿಗಳು ವಾರಗಟ್ಟಲೆ ಬೇರೇನನ್ನೂ ತೋರಿಸಲಿಲ್ಲ. ನೂರು ವರ್ಷಗಳ ಚರಿತ್ರೆಯನ್ನು ತಿರುವಿದರೆ ಕಾಣುವ ಚಿತ್ರ ಬೇರೆ. ಈ ಮದ್ದುಗಳು ಮೋಜಿಗಾಗಿ ಹುಟ್ಟಿದವಲ್ಲ. ದುಡಿಯುವ ದೇಹದಿಂದ ಇನ್ನೊಂದು ಪಾಳಿ ಹೆಚ್ಚು ಕೆಲಸ ಹಿಂಡುವುದಕ್ಕೆ ಇವನ್ನು ಹಂಚಲಾಯಿತು. ಹಂಚಿದವರು ಗಲ್ಲಿಯ ಪೆಡ್ಲರುಗಳಲ್ಲ. ಔಷಧ ಕಂಪನಿಗಳು, ಸೇನೆಗಳು, ವೈದ್ಯರು.

ಕಥೆ ಶುರುವಾಗುವುದು ಒಂದು ಗಿಡದಿಂದ. ಚೀನೀ ವೈದ್ಯದಲ್ಲಿ ಮಾ ಹುವಾಂಗ್ ಎನಿಸಿಕೊಂಡ ಎಫೆಡ್ರಾ ಗಿಡದಿಂದ ಜಪಾನಿನ ನಗಾಯಿ ನಗಾಯೋಶಿ 1885ರಲ್ಲಿ ಎಫೆಡ್ರಿನ್ ಬೇರ್ಪಡಿಸಿದರು. ಅದೇ ಗಿಡದ ಹಿಮಾಲಯದ ಬಂಧುವನ್ನು ನಮ್ಮ ಗಿಡಮೂಲಿಕೆ ಅಂಗಡಿಗಳಲ್ಲಿ ಸೋಮಲತೆ ಎನ್ನುವುದುಂಟು. ವೇದದ ಸೋಮ ಇದೇ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಆ ಜಗಳ ನಮಗೆ ಬೇಡ. 1893ರಲ್ಲಿ ನಗಾಯಿ ಎಫೆಡ್ರಿನ್‌ನಿಂದಲೇ ಮೆಥಾಂಫೆಟಮಿನ್ ತಯಾರಿಸಿದರು. 1919ರಲ್ಲಿ ಅಕಿರಾ ಒಗಾಟಾ ಅದನ್ನು ಹರಳಾಗಿಸಿದರು. ಈ ನಡುವೆ, 1887ರಲ್ಲಿ, ಬರ್ಲಿನ್‌ನಲ್ಲಿ ಓದುತ್ತಿದ್ದ ರುಮೇನಿಯಾದ ಲಜಾರ್ ಎಡೆಲೇನು ಆಂಫೆಟಮಿನ್ ಮಾಡಿಟ್ಟಿದ್ದರು. ಅದರಿಂದ ಏನಾಗುತ್ತದೆಂದು ಯಾರೂ ಕೇಳಲಿಲ್ಲ. ನಲವತ್ತು ವರ್ಷ ಅದು ಗ್ರಂಥಗಳಲ್ಲಿ ಧೂಳು ತಿನ್ನುತ್ತ ಕುಳಿತಿತ್ತು. 1929ರಲ್ಲಿ ಲಾಸ್ ಏಂಜಲಿಸ್‌ನ ಗಾರ್ಡನ್ ಆಲಿಸ್ ಅದನ್ನು ತನ್ನ ಮೈಮೇಲೆಯೇ ಪ್ರಯೋಗಿಸಿ ನೋಡಿದರು: ಮೂಗು ಬಿಟ್ಟುಕೊಂಡಿತು, ಎದೆ ಹೊಡೆದುಕೊಂಡಿತು, ಮಾತು ಉಕ್ಕಿತು, ರಾತ್ರಿ ನಿದ್ದೆ ಹತ್ತಲಿಲ್ಲ. ಮುಂದಿನ ಸುಮಾರು ನೂರು ವರ್ಷ ಕೋಟ್ಯಂತರ ಜನ ಪಟ್ಟ ಅನುಭವವೆಲ್ಲ ಆ ಒಂದು ರಾತ್ರಿಯಲ್ಲಿತ್ತು. 1930ರ ದಶಕದಲ್ಲಿ ಅಮೆರಿಕದ ಅಂಗಡಿಗಳಲ್ಲಿ ‘ಬೆಂಜೆಡ್ರಿನ್’ ಹೆಸರಿನಲ್ಲಿ ಅದು ಕಟ್ಟಿದ ಮೂಗಿಗೆ ಎಳೆಯುವ ಕೊಳವೆಯಾಗಿ ಬಂತು. ಕೊಳವೆ ಒಡೆದು ಒಳಗಿನ ಔಷಧಿ ಹಚ್ಚಿದ ಪಟ್ಟಿಯನ್ನು ಕಾಫಿಯಲ್ಲಿ ಅದ್ದಿ ಕುಡಿಯಬಹುದೆಂದು ಜನ ಬೇಗ ಕಂಡುಕೊಂಡರು.

ಜರ್ಮನಿಯದು ಇನ್ನೂ ದೊಡ್ಡ ಅಧ್ಯಾಯ. ಬರ್ಲಿನ್‌ನ ಟೆಮ್ಲರ್ ಕಂಪನಿ 1938ರಲ್ಲಿ ಮೆಥಾಂಫೆಟಮಿನ್ ಮಾತ್ರೆಯನ್ನು ‘ಪರ್ವಿಟಿನ್’ ಎಂದು ಮಾರುಕಟ್ಟೆಗೆ ಬಿಟ್ಟಿತು. ಸೇನೆಯ ಶರೀರಶಾಸ್ತ್ರಜ್ಞ ಒಟ್ಟೊ ರಾಂಕೆ ಅದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ, ಯುದ್ಧಕ್ಕೆ ಇದು ಪ್ರಯೋಜನಕ್ಕೆ ಬಂದೀತು ಎಂದರು. 1940ರ ಏಪ್ರಿಲ್‌ನಿಂದ ಜುಲೈವರೆಗೆ, ಫ್ರಾನ್ಸಿನ ಮೇಲೆ ದಂಡೆತ್ತಿ ಹೋದ ಆ ನಾಲ್ಕು ತಿಂಗಳಲ್ಲಿ, ಜರ್ಮನ್ ಭೂಸೇನೆ ಮತ್ತು ವಾಯುಸೇನೆಗೆ ಕಳಿಸಿದ ಇಂಥ ಮಾತ್ರೆಗಳು ಮೂರೂವರೆ ಕೋಟಿ. ಮುಂದೆ 1972ರಲ್ಲಿ ನೊಬೆಲ್ ಪಡೆದ ಹೈನ್‌ರಿಶ್ ಬ್ಯೋಲ್ ಆಗ ಇಪ್ಪತ್ತರ ಹರೆಯದ ಸಿಪಾಯಿ. ಅವರು ಮನೆಗೆ ಬರೆದ ಕಾಗದಗಳಲ್ಲಿ ಪರ್ವಿಟಿನ್ ಕಳಿಸಿರೆಂಬ ಬೇಡಿಕೆ ಮತ್ತೆ ಮತ್ತೆ ಬರುತ್ತದೆ. ಹಪ್ಪಳ, ಉಪ್ಪಿನಕಾಯಿ ಕಳಿಸು ಎಂದು ಹಾಸ್ಟೆಲಿನ ಹುಡುಗ ಬರೆಯುವಷ್ಟು ಸಹಜವಾಗಿ.

ಸೇನೆಗೆ ಬೇಗನೆ ಲೆಕ್ಕ ತಪ್ಪಿತು. ಎರಡು ದಿನ ಮಲಗದೆ ನಡೆದ ಪಡೆ ಮೂರನೆಯ ದಿನ ನೆಲಕಚ್ಚುತ್ತಿತ್ತು. ಕೆಲವರ ಎದೆಬಡಿತ ನಿಂತಿತು. ಕೆಲವರಿಗೆ ಭ್ರಮೆ ಹಿಡಿಯಿತು. 1941ರಲ್ಲಿ ಜರ್ಮನಿ ಅದನ್ನು ಅಫೀಮು ಕಾನೂನಿನಡಿ ತಂದರೂ ಯುದ್ಧಭೂಮಿಗೆ ಹೋಗುವುದು ನಿಲ್ಲಲಿಲ್ಲ. ಜರ್ಮನಿಯೊಂದನ್ನೇ ದೂರಬೇಕಿಲ್ಲ. ಎದುರು ಪಕ್ಷದ ಬ್ರಿಟನ್, ಅಮೆರಿಕದ ಸೈನಿಕರ ಜೇಬಿನಲ್ಲೂ ಬೆಂಜೆಡ್ರಿನ್ ಇತ್ತು.

ಜಪಾನಿನಲ್ಲಿ 1941ರಲ್ಲಿ ಇದೇ ಮದ್ದು ‘ಹಿರೊಪಾನ್’ ಎಂಬ ಹೆಸರು ಪಡೆಯಿತು. ಆ ಹೆಸರು ಹುಟ್ಟಿದ್ದು ಗ್ರೀಕಿನ ‘ಫಿಲೊಪೊನೊಸ್’ನಿಂದ. ಅದರ ಅರ್ಥ: ದುಡಿಮೆಯನ್ನು ಪ್ರೀತಿಸುವವನು. ಈ ಇಡೀ ಚರಿತ್ರೆಗೆ ಇದಕ್ಕಿಂತ ಒಪ್ಪುವ ಶೀರ್ಷಿಕೆ ಯಾವ ಲೇಖಕನಿಗೂ ಹೊಳೆಯಲಾರದು. ಶಸ್ತ್ರಾಸ್ತ್ರ ಕಾರ್ಖಾನೆಯ ರಾತ್ರಿ ಪಾಳಿಯವರಿಗೆ, ಪೈಲಟ್‌ಗಳಿಗೆ ಅದನ್ನು ಕೊಟ್ಟರು. ಯುದ್ಧ ಸೋತ ಮೇಲೆ ದಾಸ್ತಾನು ಪೇಟೆಗೆ ಬಂತು. ಮನೆಮಠ ಕಳೆದುಕೊಂಡ, ಹಸಿದ, ಹೇಗಾದರೂ ಎರಡು ಕಾಸು ಸಂಪಾದಿಸಬೇಕಾದ ಜನ ಸೂಜಿ ಹಿಡಿದರು. 1951ರಲ್ಲಿ ಜಪಾನ್ ಉತ್ತೇಜಕಗಳಿಗೆಂದೇ ಪ್ರತ್ಯೇಕ ಕಾನೂನು ಮಾಡಿತು. 1954ರ ಒಂದೇ ವರ್ಷದಲ್ಲಿ ಬಂಧಿತರಾದವರು 55 ಸಾವಿರಕ್ಕೂ ಹೆಚ್ಚು. ಆ ಅಲೆ ಇಳಿಯಿತು, ಮತ್ತೆ ಎದ್ದಿತು. ‘ಶಾಬು’ ಎಂಬ ಹೊಸ ಹೆಸರಿನಲ್ಲಿ ಮೆಥ್ ಇವತ್ತಿಗೂ ಜಪಾನಿನ ಪೊಲೀಸರ ಮುಖ್ಯ ತಲೆನೋವು.

ಗೆದ್ದ ಅಮೆರಿಕದಲ್ಲಿ ಅದೇ ಮದ್ದು ಮರ್ಯಾದಸ್ಥರ ಮನೆಗಳಿಗೆ ಹೋಯಿತು. ತೂಕ ಇಳಿಸುವುದಕ್ಕೆ ಗೃಹಿಣಿಯರಿಗೆ, ಬೇಸರ ಕಳೆಯುವುದಕ್ಕೆ ಗುಮಾಸ್ತರಿಗೆ, ರಾತ್ರಿ ಹೊತ್ತು ಲಾರಿ ಓಡಿಸುವವರಿಗೆ, ಪರೀಕ್ಷೆ ಬರೆಯುವ ಹುಡುಗರಿಗೆ. 1962ರಲ್ಲಿ ಅಲ್ಲಿ ತಯಾರಾದ ಆಂಫೆಟಮಿನ್ ಎಷ್ಟೆಂದರೆ ಮಗುವಿನಿಂದ ಮುದುಕರವರೆಗೆ ತಲೆಗೆ ವರ್ಷಕ್ಕೆ 43 ಡೋಸ್ ಹಂಚಬಹುದಿತ್ತು. 1967ರ ಜುಲೈ 13ರಂದು ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಮಾಂಟ್ ವೆಂಟೂ ಬೆಟ್ಟದ ಸುಡು ಬಿಸಿಲಿನಲ್ಲಿ ಸೈಕಲ್ಲಿನಿಂದ ಬಿದ್ದು ಸತ್ತರು. ರಕ್ತದಲ್ಲಿ ಆಂಫೆಟಮಿನ್, ಜೊತೆಗೆ ಮದ್ಯ. ದಣಿವು ಎಂಬುದು ದೇಹದ ಕಾವಲುಗಾರ. ಅವನ ಬಾಯಿಗೆ ಬಟ್ಟೆ ತುರುಕಿದರೆ ದಣಿವು ಇಲ್ಲವಾಗುವುದಿಲ್ಲ, ಕೂಗು ಕೇಳಿಸುವುದಿಲ್ಲ ಅಷ್ಟೆ.

ಇದಕ್ಕೆ ಎದುರಾಗಿ ಎಲ್ಲರೂ ಹೇಳುವ ಹೆಸರು ಗಣಿತಜ್ಞ ಪಾಲ್ ಏರ್ಡಿಶ್. ಅವರು ವರ್ಷಗಟ್ಟಲೆ ಆಂಫೆಟಮಿನ್ ತೆಗೆದುಕೊಂಡೇ ಗಣಿತ ಮಾಡಿದವರು. 1979ರಲ್ಲಿ ಗೆಳೆಯ ರಾನ್ ಗ್ರಹಾಂ, ಒಂದು ತಿಂಗಳು ಬಿಟ್ಟಿರು ನೋಡೋಣ ಎಂದು 500 ಡಾಲರ್ ಪಂಥ ಕಟ್ಟಿದರು. ಏರ್ಡಿಶ್ ಗೆದ್ದರು. ಆದರೆ ಆ ತಿಂಗಳೆಲ್ಲ ಖಾಲಿ ಹಾಳೆ ನೋಡುತ್ತ ಕೂತೆ, ನಿನ್ನಿಂದ ಗಣಿತ ಒಂದು ತಿಂಗಳು ಹಿಂದೆ ಬಿತ್ತು ಎಂದು ಗೊಣಗಿ ಮತ್ತೆ ಶುರು ಮಾಡಿದರು. ಬೆಂಗಳೂರಿನ ಐಟಿ ಹುಡುಗರ ಬಾಯಲ್ಲಿ ಈ ಕಥೆಯನ್ನು ನಾನೂ ಕೇಳಿದ್ದೇನೆ. ಅವರು ಮರೆಯುವುದೇನೆಂದರೆ ಮಾತ್ರೆ ತಿಂದು ಏರ್ಡಿಶ್ ಆಗದೆ ಹೋದವರ ಜೀವನಚರಿತ್ರೆಯನ್ನು ಯಾರೂ ಬರೆಯುವುದಿಲ್ಲ.

ಹಾಗಾದರೆ ಮೆದುಳಿನೊಳಗೆ ಆಗುವುದೇನು? ಹುರುಪು, ಬಯಕೆ, ಮಾಡಿದ್ದು ಸಾರ್ಥಕವಾಯಿತೆಂಬ ಸಂತೋಷ, ಇವುಗಳ ಹಿಂದೆ ಡೋಪಮಿನ್ ಎಂಬ ರಾಸಾಯನಿಕವಿದೆ. ನರಕೋಶ ಅದನ್ನು ಪುಟ್ಟ ಪುಟ್ಟ ಚೀಲಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ಬೇಕಾದಾಗ ಹಿಡಿಯಷ್ಟು ಹೊರಗೆ ಚೆಲ್ಲುತ್ತದೆ, ಕೆಲಸ ಮುಗಿದೊಡನೆ ಬಾಚಿ ಒಳಗೆ ಎಳೆದುಕೊಳ್ಳುತ್ತದೆ. ಜಿಪುಣ ಗೃಹಸ್ಥನ ಕಣಜದ ಹಾಗೆ. ಕೊಕೇನ್ ಆ ಕಣಜದ ಬಾಗಿಲಿಗೆ ಅಡ್ಡ ನಿಂತು, ಹೊರಬಿದ್ದ ಕಾಳು ಒಳಗೆ ಹೋಗದಂತೆ ತಡೆಯುತ್ತದೆ. ಆಂಫೆಟಮಿನ್ ಅಷ್ಟಕ್ಕೆ ಬಿಡುವುದಿಲ್ಲ. ಬಾಗಿಲಿನಿಂದ ತಾನೇ ಒಳಗೆ ನುಗ್ಗಿ, ಚೀಲಗಳನ್ನು ಸೋರಿಸಿ, ಒಳಗೆ ಎಳೆಯಬೇಕಾದ ಬಾಗಿಲೇ ಹೊರಗೆ ದೂಡುವಂತೆ ತಿರುಗಿಸಿಬಿಡುತ್ತದೆ. ಜೊತೆಗೆ ನಾರ್‌ಅಡ್ರಿನಲಿನ್ ಕೂಡ ಉಕ್ಕುವುದರಿಂದ ಎದೆಬಡಿತ, ರಕ್ತದೊತ್ತಡ ಏರುತ್ತವೆ. ಮೆಥಾಂಫೆಟಮಿನ್‌ಗೆ ಇರುವುದು ಒಂದು ಮಿಥೈಲ್ ಗುಂಪು ಹೆಚ್ಚು, ಅಷ್ಟೇ. ಆದರೆ ಅದರಿಂದಾಗಿ ಅದು ಕೊಬ್ಬಿನಲ್ಲಿ ಸಲೀಸಾಗಿ ಕರಗಿ ಮೆದುಳನ್ನು ಬೇಗ ಹೊಗುತ್ತದೆ. ಕೊಕೇನ್‌ನ ಅರ್ಧ ಭಾಗ ಒಂದು ಗಂಟೆಯ ಆಸುಪಾಸಿನಲ್ಲಿ ದೇಹದಿಂದ ಇಲ್ಲವಾದರೆ, ಮೆಥ್‌ನ ಅರ್ಧ ಇಳಿಯುವುದಕ್ಕೆ ಹತ್ತು ಹನ್ನೆರಡು ಗಂಟೆ ಬೇಕು. ಒಂದು ಸಲ ಸೇದಿದರೆ ಆ ರಾತ್ರಿಯೊಂದೇ ಅಲ್ಲ, ಮರುದಿನವೂ ಹೋಯಿತು.

ಮೊದಲ ದಿನಗಳ ಬಗ್ಗೆ ಸುಳ್ಳು ಹೇಳಬಾರದು. ಸುಳ್ಳು ಹೇಳಿಯೇ ನಮ್ಮ ಜಾಗೃತಿ ಭಾಷಣಗಳು ಹುಡುಗರ ನಂಬಿಕೆ ಕಳೆದುಕೊಂಡಿವೆ. ಮೊದಲ ದಿನ ಅದು ಒಳ್ಳೆಯದಾಗಿಯೇ ಕಾಣುತ್ತದೆ. ಹೆದರಿಕೆ, ಸಂಕೋಚ ಕಳೆದು ಮಾತು ಹರಿಯುತ್ತದೆ. ಹಸಿವಿಲ್ಲ, ದಣಿವಿಲ್ಲ, ರಾಶಿ ಬಿದ್ದ ಕೆಲಸ ಒಂದೇ ಕೂತಿಗೆ ಮುಗಿಯುತ್ತದೆ. ತಾನು ಇಷ್ಟು ದಿನ ಅರ್ಧ ಬದುಕಿದ್ದೆ ಅನ್ನಿಸುತ್ತದೆ. ಆಮೇಲೆ ಮದ್ದು ಇಳಿಯುತ್ತದೆ. ಕಣಜ ಬರಿದಾಗಿರುತ್ತದೆ. ಒಂದು ಹಗಲು, ಒಂದು ರಾತ್ರಿ, ಕೆಲವೊಮ್ಮೆ ಎರಡು ದಿನ ಹೆಣದಂತೆ ನಿದ್ದೆ. ಎದ್ದರೆ ತೀರದ ಹಸಿವು, ಯಾವುದರಲ್ಲೂ ರುಚಿಯಿಲ್ಲದ ಮಂಕು, ಸಿಡುಕು, ಕೆಲವರಿಗೆ ಸಾಯಬೇಕೆಂಬ ಯೋಚನೆ. ಆ ಗುಂಡಿಯಿಂದ ಮೇಲೆ ಬರುವ ಸುಲಭದ ಏಣಿ ಮತ್ತೊಂದು ಡೋಸ್. ನಮ್ಮೂರುಗಳ ಮೀಟರ್ ಬಡ್ಡಿ ನಡೆಯುವುದೂ ಹೀಗೇ. ಬೆಳಿಗ್ಗೆ ಕೈಗೆ ಬಂದ ದುಡ್ಡು ನಿಜವಾದದ್ದೇ, ಸಂಜೆಯ ಹೊತ್ತಿಗೆ ತೀರಿಸಬೇಕಾದದ್ದು ಮಾತ್ರ ಬೇರೆ ಮೊತ್ತ. ಈ ಮದ್ದು ಹೊಸ ಶಕ್ತಿಯನ್ನೇನೂ ತರುವುದಿಲ್ಲ. ನಾಳೆಯ, ನಾಡಿದ್ದಿನ ನಿದ್ದೆಯನ್ನು ಅಡವಿಟ್ಟು ಇಂದಿಗೆ ಸಾಲ ಕೊಡುತ್ತದೆ. ತೆಗೆದುಕೊಳ್ಳುತ್ತ ಹೋದಂತೆ ಅದೇ ಪ್ರಮಾಣ ಸಾಲದಾಗುತ್ತದೆ. ಮಾತ್ರೆ ನುಂಗುತ್ತಿದ್ದವನು ಹೊಗೆ ಎಳೆಯುತ್ತಾನೆ, ಹೊಗೆ ಎಳೆದವನು ಸೂಜಿ ಹಿಡಿಯುತ್ತಾನೆ. ಸೂಜಿ ಹಂಚಿಕೊಂಡಲ್ಲಿ ಎಚ್‌ಐವಿ, ಹೆಪಟೈಟಿಸ್ ಹಿಂದೆಯೇ ಬರುತ್ತವೆ.

ಮನೆಯವರು ಕಂಗಾಲಾಗುವುದು ಮುಂದಿನ ಹಂತದಲ್ಲಿ. ಲಂಡನ್ನಿನ ಮನೋವೈದ್ಯ ಪಿ. ಎಚ್. ಕಾನೆಲ್ 1958ರಲ್ಲಿ 42 ರೋಗಿಗಳ ವಿವರ ಸೇರಿಸಿ ಒಂದು ಚಿಕ್ಕ ಪುಸ್ತಕ ಬರೆದರು. ಆವರೆಗೆ ಆಂಫೆಟಮಿನ್‌ನಿಂದ ಹುಚ್ಚು ಹಿಡಿಯುವುದು ಅಪರೂಪ, ಮೊದಲೇ ದುರ್ಬಲ ಮನಸ್ಸಿನವರಿಗೆ ಮಾತ್ರ ಎಂದು ವೈದ್ಯರು ನಂಬಿದ್ದರು. ಹಾಗಲ್ಲ, ಇದು ಪ್ಯಾರನಾಯ್ಡ್ ಸ್ಕಿಜೋಫ್ರೇನಿಯಾದಿಂದ ಬೇರೆ ಮಾಡಿ ಗುರುತಿಸಲಾಗದಷ್ಟು ಅದನ್ನೇ ಹೋಲುತ್ತದೆ ಎಂದು ಕಾನೆಲ್ ತೋರಿಸಿದರು. ಕಿಟಕಿಯಾಚೆ ಯಾರೋ ನಿಂತಿದ್ದಾರೆ, ಫೋನಿನಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ, ಹೆಂಡತಿ ಊಟದಲ್ಲಿ ಏನೋ ಬೆರೆಸಿದ್ದಾಳೆ. ಚರ್ಮದಡಿ ಹುಳು ಹರಿದಾಡುತ್ತಿವೆ ಎಂದು ಉಗುರಿನಿಂದ ಕೆರೆದು ಕೆರೆದು ಮುಖ, ತೋಳು ಹುಣ್ಣಾಗುತ್ತವೆ. ಹೆಚ್ಚಿನವರಿಗೆ ಮದ್ದು ನಿಂತ ಕೆಲವು ದಿನ, ವಾರಗಳಲ್ಲಿ ಇದು ಇಳಿಯುತ್ತದೆ. ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಒಮ್ಮೆ ಹೀಗಾದವರಿಗೆ ವರ್ಷಗಳ ನಂತರ ಒಂದೇ ಡೋಸ್, ಕೆಲವೊಮ್ಮೆ ಬರೀ ನಿದ್ದೆಗೇಡು ಮತ್ತು ಚಿಂತೆ ಸಾಕು ಭ್ರಮೆ ಮರಳುವುದಕ್ಕೆ ಎಂಬುದನ್ನು ಜಪಾನಿನ ಮನೋವೈದ್ಯರು ಬಹಳ ಕಾಲದಿಂದ ದಾಖಲಿಸಿದ್ದಾರೆ. ಇದನ್ನು ದೆವ್ವ ಹಿಡಿಯಿತೆಂದು ಮಂತ್ರಿಸಲು ಕರೆದೊಯ್ದು ಕಳೆಯುವ ವಾರಗಳೇ ಚಿಕಿತ್ಸೆಗೆ ಬೇಕಾಗಿದ್ದ ವಾರಗಳು.

ಮಿಕ್ಸಿ ಬಿಚ್ಚಿದ ಹುಡುಗನನ್ನು ಮರೆಯಬಾರದು. ಅವನ ಆ ನಡತೆಗೂ ಒಂದು ಹೆಸರಿದೆ: ‘ಪುಂಡಿಂಗ್’. ಸ್ವೀಡನ್ನಿನಲ್ಲಿ ಈ ಮದ್ದು ಸೇವಿಸುವವರೇ ತಮ್ಮ ಆಡುಮಾತಿನಲ್ಲಿ ಹಾಗೆನ್ನುತ್ತಿದ್ದರು. 1972ರಲ್ಲಿ ಮನೋವೈದ್ಯ ರಿಲಾಂಡರ್ ಆ ಪದವನ್ನು ವೈದ್ಯಸಾಹಿತ್ಯಕ್ಕೆ ತಂದರು. ಗಡಿಯಾರ ಬಿಚ್ಚುವುದು, ಬ್ಯಾಗಿನ ಸಾಮಾನು ಹತ್ತಾರು ಸಲ ಹೊರಗೆ ತೆಗೆದು ಮತ್ತೆ ತುಂಬುವುದು, ಒಂದೇ ಗೋಡೆಯನ್ನು ಗಂಟೆಗಟ್ಟಲೆ ಒರೆಸುವುದು. ನಮ್ಮ ‘ಪುಂಡ’ನಿಗೂ ಈ ಪದಕ್ಕೂ ನಂಟಿಲ್ಲ, ಆದರೆ ಕೇಳಿದ ಮೇಲೆ ಮರೆಯುವುದು ಕಷ್ಟ. ದುಡಿಮೆಯನ್ನು ಪ್ರೀತಿಸುವ ಮದ್ದು ಕೊನೆಗೆ ಮುಟ್ಟಿಸುವುದು ಇಲ್ಲಿಗೆ: ಎಡೆಬಿಡದ ದುಡಿಮೆ, ಫಲ ಏನೂ ಇಲ್ಲ.

ದೇಹದ ಪಾಡನ್ನು ಬೇಗ ಹೇಳಿ ಮುಗಿಸಬಹುದು. ಹೃದಯದ ಸ್ನಾಯು ಸಡಿಲವಾಗಿ ಹಿಗ್ಗುತ್ತದೆ. ಮೂವತ್ತು ದಾಟದವರಿಗೂ ಹೃದಯಾಘಾತ, ಪಾರ್ಶ್ವವಾಯು ಬಡಿಯುತ್ತದೆ. ಮೈಕಾವು ಹಿಡಿತ ಮೀರಿ ಏರಿದಾಗ ಸ್ನಾಯು ಕರಗಿ ಮೂತ್ರಪಿಂಡ ಕೆಡುತ್ತದೆ. ಬಾಯಿ ಒಣಗಿ, ಹಲ್ಲು ಕಡಿದು, ಸಿಹಿ ಪಾನೀಯ ಕುಡಿದು, ಬ್ರಷ್ ಮಾಡುವುದೇ ಮರೆತು ಹಲ್ಲು ಬುಡದಿಂದ ಹುಳುಕಾಗುತ್ತವೆ. ಅಮೆರಿಕದಲ್ಲಿ 2021ರಲ್ಲಿ ಈ ಬಗೆಯ ಉತ್ತೇಜಕಗಳು ಸೇರಿದ್ದ ಮಿತಿಮೀರಿದ ಡೋಸ್‌ನಿಂದ ಸತ್ತವರು 32 ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹಳ ಮಂದಿಯ ಮೈಯಲ್ಲಿ ಫೆಂಟನಿಲ್ ಎಂಬ ಅಫೀಮಿನ ಬಗೆಯ ಕೃತಕ ಮದ್ದು ಕೂಡ ಇತ್ತು.

ಎಂಡಿಎಂಎಯ ಸ್ವಭಾವ ಬೇರೆ ಎಂದೆ. ಜರ್ಮನಿಯ ಮೆರ್ಕ್ ಕಂಪನಿ 1912ರಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು ಬೇರಾವುದೋ ಔಷಧಿಯ ದಾರಿಯಲ್ಲಿ ಸಿಕ್ಕ ವಸ್ತುವೆಂದು. ಅದು ಡೋಪಮಿನ್‌ಗಿಂತ ಹೆಚ್ಚಾಗಿ ಸಿರೊಟೋನಿನ್ ಎಂಬ ರಾಸಾಯನಿಕವನ್ನು ಚೆಲ್ಲಿಸುತ್ತದೆ. ಹಾಗಾಗಿ ಹುರುಪಿನ ಜೊತೆಗೆ ಎದುರಿದ್ದವರೆಲ್ಲ ಆಪ್ತರೆಂಬ ಭಾವ. ಕಿಕ್ಕಿರಿದ ಸೆಕೆಯಲ್ಲಿ ಗಂಟೆಗಟ್ಟಲೆ ಕುಣಿದರೆ ಮೈ ಕಾದು ಸಾಯುವವರುಂಟು. ಆ ಭಯಕ್ಕೆ ಲೀಟರುಗಟ್ಟಲೆ ಬರೀ ನೀರು ಕುಡಿದು ರಕ್ತದ ಸೋಡಿಯಂ ಕುಸಿದು ಸಾಯುವವರೂ ಉಂಟು. ಎರಡು ಮೂರು ದಿನದ ನಂತರ ಬರುವ ಮಂಕು ಬೇರೆ. ಇನ್ನೊಂದು ಕಡೆ, ಆಘಾತದ ನೆನಪಿನಿಂದ ನರಳುವವರಿಗೆ ಮನೋಚಿಕಿತ್ಸೆಯ ಜೊತೆ ಇದನ್ನು ಕೊಡಲು ಆಸ್ಟ್ರೇಲಿಯಾ 2023ರ ಜುಲೈಯಿಂದ ಆಯ್ದ ಮನೋವೈದ್ಯರಿಗೆ ಅನುಮತಿ ಕೊಟ್ಟಿದೆ. ಅಮೆರಿಕದ ಔಷಧ ಇಲಾಖೆ 2024ರ ಆಗಸ್ಟಿನಲ್ಲಿ, ಪುರಾವೆ ಸಾಲದೆಂದು ಅದೇ ಕೋರಿಕೆಯನ್ನು ತಿರಸ್ಕರಿಸಿತು. ಈ ವಿಷಯದಲ್ಲಿ ಅಮೆರಿಕದ ತಾಳ್ಮೆಯೇ ನನಗೆ ಸರಿಯೆನಿಸುತ್ತದೆ.

ಇಲ್ಲೊಂದು ಪ್ರಶ್ನೆ ಎದ್ದೇ ಏಳುತ್ತದೆ. ಎಡಿಎಚ್‌ಡಿ (ಒಂದೆಡೆ ಗಮನ ನಿಲ್ಲದ ತೊಂದರೆ) ಇರುವ ಮಕ್ಕಳಿಗೆ ವೈದ್ಯರು ಬರೆದುಕೊಡುವ ರಿಟಲಿನ್ ಕೂಡ ಉತ್ತೇಜಕವಲ್ಲವೇ? ಹೌದು. ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ರಸಾಯನಜ್ಞ ಪ್ಯಾನಿಜ್ಜಾನ್ 1944ರಲ್ಲಿ ಅದನ್ನು ತಯಾರಿಸಿ, ಹೆಂಡತಿ ರೀಟಾಳ ಹೆಸರಿಟ್ಟರು. 1937ರಷ್ಟು ಹಿಂದೆಯೇ ಚಾರ್ಲ್ಸ್ ಬ್ರಾಡ್ಲಿ ಎಂಬ ಅಮೆರಿಕದ ವೈದ್ಯರು ಬೆಂಜೆಡ್ರಿನ್ ಕೊಟ್ಟಾಗ ತಮ್ಮ ಆಸ್ಪತ್ರೆಯ ತುಂಟ ಮಕ್ಕಳು ಶಾಂತವಾಗಿ ಪಾಠಕ್ಕೆ ಕೂತದ್ದನ್ನು ಬರೆದಿದ್ದರು. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ, ಮೆದುಳಿಗೆ ಏರುವ ವೇಗದಲ್ಲಿ, ಯಾರು ಯಾತಕ್ಕೆ ಕೊಡುತ್ತಾರೆಂಬುದರಲ್ಲಿ. ನುಂಗಿದ ಸಣ್ಣ ಮಾತ್ರೆ ಮೆಲ್ಲನೆ ಏರಿ ಮೆಲ್ಲನೆ ಇಳಿಯುತ್ತದೆ. ಹೊಗೆಯಾಗಿ ಎಳೆದದ್ದು ಕ್ಷಣಾರ್ಧದಲ್ಲಿ ನೆತ್ತಿಗೇರುತ್ತದೆ. ಚಟ ಹತ್ತುವುದು ಆ ವೇಗಕ್ಕೆ. ಮಗುವಿಗೆ ವೈದ್ಯರು ಬರೆದ ಔಷಧಿಯನ್ನು ಈ ಲೇಖನ ಓದಿ ದಯವಿಟ್ಟು ನಿಲ್ಲಿಸಬೇಡಿ.

ಪೂರೈಕೆಯ ಕಥೆಗೆ ಬರೋಣ. ಗಾಂಜಾ, ಅಫೀಮಿಗೆ ಹೊಲ ಬೇಕು, ಮಳೆ ಬೇಕು. ಇದಕ್ಕೆ ಬೇಕಾದದ್ದು ಒಂದು ಶೆಡ್ಡು ಮತ್ತು ರಾಸಾಯನಿಕ. ಅಮೆರಿಕ 2005ರ ಕಾನೂನಿನಿಂದ ನೆಗಡಿ ಮಾತ್ರೆಯನ್ನು ಕೌಂಟರಿನ ಹಿಂದಕ್ಕೆ ಸರಿಸಿತು, ಯಾಕೆಂದರೆ ಅದರಲ್ಲಿದ್ದ ಸೂಡೊಎಫೆಡ್ರಿನ್‌ನಿಂದ ಜನ ಮನೆಯಲ್ಲೇ ಮೆಥ್ ಮಾಡುತ್ತಿದ್ದರು. ಮನೆಯ ಒಲೆಗಳು ಆರಿದವು. ಮೆಕ್ಸಿಕೊದ ದೊಡ್ಡ ಕಾರ್ಖಾನೆಗಳು ಬೇರೆ ಕಚ್ಚಾ ವಸ್ತು ಹಿಡಿದು, ಇನ್ನೂ ಶುದ್ಧವಾದ ಮಾಲನ್ನು ಇನ್ನೂ ಅಗ್ಗವಾಗಿ ಕಳಿಸತೊಡಗಿದವು. ಏಷ್ಯಾದಲ್ಲಿ ಈ ದಂಧೆಯ ತವರು ಮ್ಯಾನ್ಮಾರಿನ ಶಾನ್ ರಾಜ್ಯ. ಅಲ್ಲಿಂದ ಥಾಯ್ಲೆಂಡಿಗೆ ಬರುವ ಮೆಥ್ ಮತ್ತು ಕೆಫೀನ್ ಬೆರೆತ ಮಾತ್ರೆಯನ್ನು ಲಾರಿ ಚಾಲಕರು, ಕೂಲಿಗಳು ‘ಯಾ ಮಾ’ ಎನ್ನುತ್ತಿದ್ದರು, ಎಂದರೆ ಕುದುರೆ ಮದ್ದು. ಕುದುರೆಯಂತೆ ದುಡಿಯಬಹುದಲ್ಲ! ಹೆಸರಿನಲ್ಲೇ ಜಾಹೀರಾತಿದೆಯೆಂದು 1996ರಲ್ಲಿ ಸರ್ಕಾರವೇ ಅದನ್ನು ‘ಯಾ ಬಾ’, ಹುಚ್ಚು ಮದ್ದು ಎಂದು ಬದಲಿಸಿತು. ಹೆಸರು ಉಳಿಯಿತು, ಮಾತ್ರೆಯೂ ಉಳಿಯಿತು. 2003ರಲ್ಲಿ ಅಲ್ಲಿ ಡ್ರಗ್ಸ್ ಮೇಲೆ ಸಾರಿದ ಯುದ್ಧದಲ್ಲಿ ಮೂರು ತಿಂಗಳಿಗೆ ಎರಡು ಸಾವಿರಕ್ಕೂ ಮೀರಿ ಹೆಣ ಬಿದ್ದವು. ಆದರೂ 2024ರಲ್ಲಿ ಪೂರ್ವ ಮತ್ತು ಆಗ್ನೇಯ ಏಷ್ಯಾದಲ್ಲಿ ಹಿಡಿದ ಮೆಥ್ 236 ಟನ್, ಆವರೆಗಿನ ದಾಖಲೆ.

ಆ ಪ್ರವಾಹದ ಒಂದು ಕವಲು ನಮ್ಮತ್ತ ತಿರುಗಿದೆ. 2023ರ ಮೇ ತಿಂಗಳಲ್ಲಿ ಕೊಚ್ಚಿಯ ಆಚೆ ಕಡಲಲ್ಲಿ ಸುಮಾರು 2,500 ಕಿಲೋ ಮೆಥ್ ಸಿಕ್ಕಿತು. 2024ರ ನವೆಂಬರಿನಲ್ಲಿ ಅಂಡಮಾನ್ ಬಳಿ ಮ್ಯಾನ್ಮಾರಿನ ಒಂದು ಮೀನುಗಾರಿಕೆ ದೋಣಿಯಲ್ಲಿ ಕರಾವಳಿ ಕಾವಲು ಪಡೆಗೆ ಸಿಕ್ಕದ್ದು ಆರು ಟನ್ನಿನಷ್ಟು. ಮೆಫೆಡ್ರೋನ್ ಮಾತ್ರ ಹೊರಗಿನಿಂದ ಬರಬೇಕಿಲ್ಲ, ಇಲ್ಲಿಯೇ ತಯಾರಾಗುತ್ತದೆ. 2024ರ ಫೆಬ್ರವರಿಯಲ್ಲಿ ಪುಣೆ ಬಳಿಯ ಕುರ್ಕುಂಭ್, ಅದೇ ಅಕ್ಟೋಬರಿನಲ್ಲಿ ಭೋಪಾಲ್, 2025ರ ಜುಲೈಯಲ್ಲಿ ನಮ್ಮ ಮೈಸೂರು. ಮೈಸೂರಿನ ಹೊರವಲಯದ ಘಟಕಕ್ಕೆ ನುಗ್ಗಿದವರು ಮುಂಬೈ ಪೊಲೀಸರು.  2025ರ ಮಾರ್ಚಿನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿನಲ್ಲಿ ಇಬ್ಬರು ವಿದೇಶೀ ಮಹಿಳೆಯರಿಂದ 37 ಕಿಲೋಗೂ ಮೀರಿದ ಎಂಡಿಎಂಎ ಹಿಡಿದರು, ಬೆಲೆ 75 ಕೋಟಿ ಎಂದರು. ಸುದ್ದಿಯಲ್ಲಿ ಯಾವಾಗಲೂ ದಪ್ಪಕ್ಷರದಲ್ಲಿ ಬರುವುದು ಈ ಕೋಟಿ. ಸಿಕ್ಕ ಮಾಲಿನ ಬೆಲೆ ರೂಪಾಯಿವರೆಗೆ ಲೆಕ್ಕವಾಗುತ್ತದೆ. ಆ ವಾರ ಎಷ್ಟು ಜನ ಭ್ರಮೆ ಹಿಡಿದು ಜಿಲ್ಲಾಸ್ಪತ್ರೆಗೆ ಬಂದರು, ಎಷ್ಟು ಜನಕ್ಕೆ ಹಾಸಿಗೆ ಸಿಕ್ಕಿತು ಎಂಬ ಲೆಕ್ಕ ಯಾವ ಪತ್ರಿಕಾಗೋಷ್ಠಿಯಲ್ಲೂ ಬರುವುದಿಲ್ಲ. ಪ್ರಮಾಣದ ಪ್ರಜ್ಞೆಯೂ ಬೇಕು: 2019ರಲ್ಲಿ ಪ್ರಕಟವಾದ ದೆಹಲಿ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮದ್ಯ ಸೇವಿಸುವವರು ನೂರಕ್ಕೆ 14.6, ಆಂಫೆಟಮಿನ್ ಬಗೆಯವನ್ನು ಸೇವಿಸುವವರು 0.18. ಮದ್ಯವೇ ಇನ್ನೂ ದೊಡ್ಡ ರೋಗ. ಆದರೆ ಆ ಸಮೀಕ್ಷೆ ಬಂದದ್ದು ಈಗಿನ ಪ್ರವಾಹ ಏರುವ ಮೊದಲು.

ಕಾನೂನು ಬಿಗಿಯಾಗಿಯೇ ಇದೆ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾದ ‘ವಾಣಿಜ್ಯ ಪ್ರಮಾಣ’ 20 ಕಿಲೋ, ಮೆಥ್ ಮತ್ತು ಮೆಫೆಡ್ರೋನಿನದು 50 ಗ್ರಾಂ, ಎಂಡಿಎಂಎಯದು ಬರೀ 10 ಗ್ರಾಂ. ಅದನ್ನು ಮೀರಿ ಸಿಕ್ಕಿಬಿದ್ದರೆ ಕನಿಷ್ಠ ಹತ್ತು ವರ್ಷ ಸಜೆ, ಜಾಮೀನು ಬಲು ಕಷ್ಟ. ಗೆಳೆಯರ ಗುಂಪಿಗೆಂದು ಒಟ್ಟಿಗೆ ತಂದಿಟ್ಟುಕೊಂಡ ಹುಡುಗನೂ ವ್ಯಾಪಾರಿಯ ಸಾಲಿನಲ್ಲಿ ನಿಲ್ಲಬಹುದು. ಇದೇ ಕಾಯ್ದೆಯಲ್ಲಿ 64ಎ ಎಂಬ ಒಂದು ಕಲಮು ಇದೆ: ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಪ್ಪಿ, ಅದನ್ನು ಪೂರ್ತಿ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಶಾಲಾಕಾಲೇಜುಗಳ ಜಾಗೃತಿ ಸಭೆಗಳಲ್ಲಿ ಶಿಕ್ಷೆಯ ವರ್ಷಗಳನ್ನು ಗಟ್ಟಿಯಾಗಿ ಓದುತ್ತಾರೆ. ಈ ಕಲಮನ್ನು ಓದಿದ್ದನ್ನು ನಾನು ಕೇಳಿಲ್ಲ.

ಚಿಕಿತ್ಸೆ ಇದೆಯೇ? ಹೆರಾಯಿನ್ ಚಟಕ್ಕೆ ಮೆಥಡೋನ್, ಬುಪ್ರಿನಾರ್ಫಿನ್ ಇರುವ ಹಾಗೆ ಇದಕ್ಕೆ ಒಂದು ನಿಶ್ಚಿತ ಔಷಧಿ ಇನ್ನೂ ಬಂದಿಲ್ಲ. ನಾಲ್ಟ್ರೆಕ್ಸೋನ್ ಚುಚ್ಚುಮದ್ದು ಮತ್ತು ಬುಪ್ರೊಪಿಯಾನ್ ಮಾತ್ರೆ ಜೊತೆಯಾಗಿ ಕೊಟ್ಟ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಔಷಧಿ ಪಡೆದವರಲ್ಲಿ ನೂರಕ್ಕೆ 13.6 ಮಂದಿಗೆ ಗುಣ ಕಂಡಿತು, ಹುಸಿ ಔಷಧಿಯವರಲ್ಲಿ 2.5 ಮಂದಿಗೆ. ಅಷ್ಟೇ ಆದರೂ ದೊಡ್ಡದು. ಎಲ್ಲಕ್ಕಿಂತ ಚೆನ್ನಾಗಿ ಫಲ ಕೊಟ್ಟ ವಿಧಾನ ಕೇಳಿದರೆ ನಗು ಬಂದೀತು: ವಾರಕ್ಕೆ ಎರಡು ಮೂರು ಸಲ ಮೂತ್ರಪರೀಕ್ಷೆ, ಮದ್ದಿಲ್ಲವೆಂದು ಬಂದರೆ ಕೂಡಲೇ ಒಂದು ಚಿಕ್ಕ ಬಹುಮಾನ, ಸಾಮಾನು ಕೊಳ್ಳುವ ಕೂಪನ್. ಕೆಟ್ಟ ಚಟ ಬಿಟ್ಟದ್ದಕ್ಕೆ ದುಡ್ಡು ಕೊಡುವುದೇ ಎಂದು ಮೂಗು ಮುರಿಯುವವರಿದ್ದಾರೆ. ಬರಿದಾದ ಕಣಜದ ಮೆದುಳಿಗೆ ಮುಂದೆಂದೋ ಬರುವ ಒಳ್ಳೆಯ ಬದುಕು ಕಾಣಿಸುವುದೇ ಇಲ್ಲ, ಇವತ್ತೇ ಕೈಗೆ ಸಿಗುವ ನೂರು ರೂಪಾಯಿ ಕಾಣಿಸುತ್ತದೆ. ಕೂಡಿಹಾಕಿ ಹೊಡೆಯುವ, ನೋಂದಣಿಯಿಲ್ಲದ ‘ವ್ಯಸನಮುಕ್ತಿ ಕೇಂದ್ರ’ಗಳಿಗೆ ತಿಂಗಳಿಗೆ ಸಾವಿರಾರು ಸುರಿಯುವ ನಾವು ಇದನ್ನು ದುಂದೆನ್ನುವುದು ವಿಚಿತ್ರ.

ಮೆದುಳು ಮತ್ತೆ ಚೇತರಿಸಿಕೊಳ್ಳುತ್ತದೆಯೇ ಎಂಬುದು ಪ್ರತಿ ತಾಯಿ ಕೇಳುವ ಪ್ರಶ್ನೆ. ಅಮೆರಿಕದ ಮೆದುಳು ವಿಜ್ಞಾನಿ ನೋರಾ ವೋಲ್ಕೊವ್ ಮತ್ತು ಸಂಗಡಿಗರು 2001ರಲ್ಲಿ ಮೆಥ್ ಬಿಟ್ಟ ಐದು ಮಂದಿಯ ಮೆದುಳನ್ನು ಒಂದು ವರ್ಷ ದಾಟಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿ ನೋಡಿದರು. ಡೋಪಮಿನ್ ಬಾಗಿಲುಗಳ ಸಂಖ್ಯೆ ಸಾಕಷ್ಟು ಹೆಚ್ಚಿತ್ತು. ನೆನಪು, ಕೈಕಾಲಿನ ಚುರುಕು ಮಾತ್ರ ಅದಕ್ಕೆ ಸಮನಾಗಿ ಮರಳಿರಲಿಲ್ಲ. ಎಂದರೆ ಬಿಟ್ಟ ಒಂದು ವಾರಕ್ಕೆ, ಒಂದು ತಿಂಗಳಿಗೆ ಹುಡುಗ ಮೊದಲಿನಂತಾಗಲಿಲ್ಲವೆಂದು ಕೈಚೆಲ್ಲುವುದು ಅವಸರ. ಆ ತಿಂಗಳುಗಳಲ್ಲಿ ಅವನಿಗೆ ಊಟ ರುಚಿಸುವುದಿಲ್ಲ, ಹಾಡು ಹಿಡಿಸುವುದಿಲ್ಲ. ಅದನ್ನು ಸೋಮಾರಿತನ ಎನ್ನಬೇಡಿ.

ಮನೆಯಲ್ಲಿ ಯಾರಾದರೂ ಎರಡು ಮೂರು ರಾತ್ರಿ ಮಲಗದೆ, ಯಾರೋ ಹಿಂಬಾಲಿಸುತ್ತಿದ್ದಾರೆ ಎನ್ನುತ್ತಿದ್ದರೆ ವಾದಕ್ಕಿಳಿಯಬೇಡಿ. ದೀಪ ತಗ್ಗಿಸಿ, ಗದ್ದಲ ಕಡಿಮೆ ಮಾಡಿ, ಒಬ್ಬರೇ ಮೆಲುದನಿಯಲ್ಲಿ ಮಾತಾಡಿ. ಎದೆನೋವು, ಫಿಟ್ಸ್, ಮುಟ್ಟಿದರೆ ಸುಡುವಷ್ಟು ಜ್ವರ ಇದ್ದರೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಏನು ತೆಗೆದುಕೊಂಡಿದ್ದಾನೆಂದು ವೈದ್ಯರಿಂದ ಮುಚ್ಚಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ದೂರದವರು 14416ಕ್ಕೆ ಕರೆ ಮಾಡಬಹುದು; ಅದು ಟೆಲಿ ಮಾನಸ್, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.